ಯಾವ ಸ್ನ್ಯಾಪ್‌ಶಾಟ್ ದೊಡ್ಡದು ಅಂತ ದಯವಿಟ್ಟು ಕೇಳಬೇಡಿ

ಇವತ್ತು ಮತ್ತೆ ಅದೇ ಫೋನು. "ಸಾರ್, ಡಿಸ್ಕ್ ಫುಲ್ ಆಗಿದೆ, 100 ಜಿಬಿ ಫೈಲ್ ಅಳಿಸಿದ್ರೂ ಜಾಗ ಬರ್ತಿಲ್ಲ. ದೊಡ್ಡ ಸ್ನ್ಯಾಪ್‌ಶಾಟ್ ಯಾವುದು ನೋಡಿ ಒಂದೆರಡು ತೆಗೆದುಬಿಡಿ." ಸರ್ವರ್‌ಗಳ ಡಿಸ್ಕ್ ನೋಡಿಕೊಳ್ಳುವ ಕೆಲಸ ನನ್ನದು, ಎಷ್ಟು ಬೇಗ ಸಿಟ್ಟಾಗುತ್ತೇನೆ ಅಂತ ನಿಮಗೆ ಗೊತ್ತು. ಫೋನಿನಲ್ಲಿ ನಯವಾಗಿಯೇ ಮಾತಾಡಿದೆ. ಉಳಿದದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ.

ಸ್ನ್ಯಾಪ್‌ಶಾಟ್ ಅಂದರೆ ಒಂದು ಕ್ಷಣದಲ್ಲಿ ಡಿಸ್ಕಿನ ಡೇಟಾ ಹೇಗಿತ್ತೋ ಹಾಗೇ ಹಿಡಿದಿಟ್ಟ ಗುರುತು, ಬೇಕಾದರೆ ಆ ಸ್ಥಿತಿಗೆ ಹಿಂತಿರುಗಬಹುದು. ಅದರಲ್ಲಿ ದೊಡ್ಡದು ಅಂತ ಒಂದಿದೆ ಅಂದುಕೊಂಡಿರುವುದೇ ತಪ್ಪು. ಸ್ನ್ಯಾಪ್‌ಶಾಟ್ ತೆಗೆದಾಗ ಯಾರೂ ಎಲ್ಲಾ ಡೇಟಾವನ್ನು ಇನ್ನೊಂದು ಕಡೆ ನಕಲು ಮಾಡುವುದಿಲ್ಲ. ನಾನು ದಿನಾ ಒದ್ದಾಡುವ ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ವ್ಯವಸ್ಥೆ) ವಿಷಯವನ್ನೇ ಹೇಳುತ್ತೇನೆ. ಅದರಲ್ಲಿ ಹಳೇ ಬ್ಲಾಕಿನ (ಫೈಲಿನ ಡೇಟಾ ಕೂರುವ ಒಂದು ತುಂಡಿನ) ಮೇಲೆ ಹೊಸದನ್ನು ಬರೆಯುವ ಪದ್ಧತಿಯೇ ಇಲ್ಲ. ಫೈಲ್ ಬದಲಾದರೆ ಹೊಸ ಬ್ಲಾಕ್ ಬೇರೆ ಜಾಗದಲ್ಲಿ ಬರೆಯುತ್ತದೆ, ಹಳೆಯದನ್ನು ಆಮೇಲೆ ಬಿಟ್ಟುಕೊಡುತ್ತದೆ. ಸ್ನ್ಯಾಪ್‌ಶಾಟ್ ಇದ್ದರೆ ಆ ಹಳೆಯದನ್ನು ಬಿಟ್ಟುಕೊಡುವುದಿಲ್ಲ, ಅಷ್ಟೇ. ಅದಕ್ಕೇ ತೆಗೆದ ಕ್ಷಣದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ ಜಾಗ. ನೀವು ಅಳಿಸುತ್ತಾ, ತಿದ್ದುತ್ತಾ ಹೋದ ಹಾಗೆ ಬೆಳೆಯುತ್ತದೆ. ಅಂದರೆ ಸ್ವಾಮಿ, ಜಾಗ ಮಾಡೋಣ ಅಂತ ಫೈಲ್ ಅಳಿಸಿದಾಗ ನೀವು ಮಾಡಿದ್ದು ಇಷ್ಟೇ: 100 ಜಿಬಿಯನ್ನು ನಿಮ್ಮ ಲೆಕ್ಕದಿಂದ ಸ್ನ್ಯಾಪ್‌ಶಾಟ್ ಲೆಕ್ಕಕ್ಕೆ ಬರೆಸಿದಿರಿ.

ಈಗ ತಮಾಷೆ ನೋಡಿ. ಸೋಮವಾರ, ಮಂಗಳವಾರ, ಬುಧವಾರ ಮೂರು ಸ್ನ್ಯಾಪ್‌ಶಾಟ್ ಇವೆ ಅಂದುಕೊಳ್ಳಿ. ಆ 100 ಜಿಬಿ ಫೈಲ್ ಮೂರರಲ್ಲೂ ಇದೆ. ಗುರುವಾರ ಅಳಿಸಿದಿರಿ. ಪಟ್ಟಿ ತೆಗೆದರೆ ಮೂರರ ಮುಂದೆಯೂ 'ಯೂಸ್ಡ್' ಕಾಲಮ್ಮಿನಲ್ಲಿ ಸೊನ್ನೆ, ಇಲ್ಲವೇ ಚಿಲ್ಲರೆ ಕೆಬಿ. ಆದರೆ ಒಟ್ಟಾಗಿ ಸ್ನ್ಯಾಪ್‌ಶಾಟ್‌ಗಳು ಹಿಡಿದಿರುವ ಜಾಗ 100 ಜಿಬಿ! ಸೊನ್ನೆ ಸೊನ್ನೆ ಸೊನ್ನೆ ಕೂಡಿದರೆ ನೂರು. ಇಲ್ಲೇ ಜನಕ್ಕೆ ತಲೆ ಕೆಡುವುದು. ಬಗ್ ಅಂತ ಟಿಕೆಟ್ ಹಾಕಿದವರೂ ಇದ್ದಾರೆ. ಆ 'ಯೂಸ್ಡ್' ಅನ್ನುವುದು ಸ್ನ್ಯಾಪ್‌ಶಾಟಿನ ಅಳತೆ ಅಲ್ಲವೇ ಅಲ್ಲ. ಇದೊಂದನ್ನೇ ತೆಗೆದರೆ ಎಷ್ಟು ಜಾಗ ವಾಪಸ್ ಬರುತ್ತೆ ಅನ್ನೋದಕ್ಕೆ ಉತ್ತರ ಅದು. ಒಂದನ್ನು ತೆಗೆದರೆ ಏನೂ ಬರಲ್ಲ, ಯಾಕಂದರೆ ಇನ್ನೆರಡು ಅದೇ ಬ್ಲಾಕುಗಳನ್ನು ಹಿಡಿದುಕೊಂಡಿವೆ. ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಕೂತ ಹಾಗೆ, ಒಬ್ಬ ಸಹಿ ಹಾಕಿದರೆ ಜಮೀನು ಬಿಡುಗಡೆ ಆಗುತ್ತಾ?

ಎರಡನ್ನು ಅಳಿಸಿ ನೋಡಿ, ಉಳಿದ ಮೂರನೆಯದು ಇದ್ದಕ್ಕಿದ್ದಂತೆ 100 ಜಿಬಿ ತೋರಿಸುತ್ತದೆ. "ಸಾರ್, ಅಳಿಸಿದ್ರೆ ಉಳಿದಿದ್ದು ಊದಿಕೊಳ್ತಿದೆ!" ಅದು ಊದಿಕೊಂಡಿಲ್ಲ ಮಾರಾಯ, ಜೊತೆಗಾರರು ಹೋದರು ಅಂತ ಪೂರ್ತಿ ಲೆಕ್ಕ ಇದರ ತಲೆ ಮೇಲೆ ಬಂತು.

ಇನ್ನು ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅಂತ ಹೇಳುವ 'ಡಿಎಫ್' ಕಮಾಂಡ್ ನೋಡಿ ಗಾಬರಿ ಬೀಳುವವರದ್ದು ಬೇರೆ ಕಥೆ. ಝಡ್‌ಎಫ್‌ಎಸ್ ಮೇಲೆ ಡಿಎಫ್ ತೋರಿಸುವ ಒಟ್ಟು ಗಾತ್ರ ಅಂದರೆ ಈಗ ಕಣ್ಣಿಗೆ ಕಾಣುವ ಡೇಟಾ ಮತ್ತು ಖಾಲಿ ಜಾಗ, ಇವೆರಡರ ಮೊತ್ತ. ಸ್ನ್ಯಾಪ್‌ಶಾಟಿನ ಪಾಲು ಅದರಲ್ಲಿ ಸೇರಲ್ಲ. ಹಾಗಾಗಿ ಫೈಲ್ ಅಳಿಸಿದರೆ ಖಾಲಿ ಜಾಗ ಜಾಸ್ತಿ ಆಗುವ ಬದಲು ಡಿಸ್ಕೇ ಚಿಕ್ಕದಾದ ಹಾಗೆ ಕಾಣುತ್ತದೆ. ಡಿಸ್ಕ್ ಕದ್ದಿದ್ದು ಯಾರು ಅಂತ ನನ್ನನ್ನೇ ಕೇಳಿದ್ದಾರೆ. ನಾನು ಮನೆಗೆ ತಗೊಂಡು ಹೋಗಿ ಏನು ಮಾಡಲಿ?

ಪರದೆ ಮೇಲೆ ಅರ್ಥವಾಗುವ ಹಾಗೆ ತೋರಿಸದಿದ್ದರೆ ಅದು ಸಾಫ್ಟ್‌ವೇರ್ ಮಾಡಿದವರ ತಪ್ಪಲ್ವಾ ಅಂತ ಒಬ್ಬ ಗೆಳೆಯ ವಾದ ಮಾಡಿದ. ಸರಿಯಪ್ಪ, ನೀನೇ ಹೇಳು, ಏನು ತೋರಿಸಬೇಕಿತ್ತು? ಮೂರಕ್ಕೂ ನೂರು ನೂರು ತೋರಿಸಿದರೆ 300 ಆಯ್ತು, ಇಲ್ಲದ ಜಾಗ. ಮೂರು ಪಾಲು ಮಾಡಿ 33 ತೋರಿಸಿದರೆ, ಒಂದನ್ನು ಅಳಿಸಿದಾಗ 33 ಎಲ್ಲಿ ಅಂತ ಮತ್ತೆ ನನಗೇ ಫೋನು. ಹಂಚಿಕೊಂಡ ಬ್ಲಾಕನ್ನು ಒಬ್ಬರ ಲೆಕ್ಕಕ್ಕೆ ಬರೆಯೋಕೆ ಆಗಲ್ಲ. ಆ ಸೊನ್ನೆ ಸುಳ್ಳಲ್ಲ. ನಿಜ ಹೇಳಬೇಕೆಂದರೆ ಈ ಲೆಕ್ಕ ನನಗೆ ಬಹಳ ಇಷ್ಟ, ಸುಮ್ನೆ ಕೂತಾಗಲೂ ಯೋಚಿಸುತ್ತಿರುತ್ತೇನೆ. ಮನೆಯಲ್ಲಿ ಇದನ್ನು ಕಾಯಿಲೆ ಅನ್ನುತ್ತಾರೆ.

ಸರಿಯಾದ ಪ್ರಶ್ನೆ ಕೇಳುವ ದಾರಿಯೂ ಝಡ್‌ಎಫ್‌ಎಸ್‌ನಲ್ಲೇ ಇದೆ. ಸ್ನ್ಯಾಪ್‌ಶಾಟ್ ಅಳಿಸುವ ಡಿಸ್ಟ್ರಾಯ್ ಕಮಾಂಡಿಗೆ ಮೈನಸ್ ಎನ್‌ವಿ ಹಾಕಿ, ಮೊದಲ ಮತ್ತು ಕೊನೆಯ ಸ್ನ್ಯಾಪ್‌ಶಾಟ್ ಹೆಸರಿನ ಮಧ್ಯೆ ಪರ್ಸೆಂಟ್ ಚಿಹ್ನೆ ಕೊಟ್ಟರೆ, ಏನನ್ನೂ ಅಳಿಸದೆ, ಈ ಇಡೀ ಸಾಲು ಹೋದರೆ ಇಷ್ಟು ಜಾಗ ಬರುತ್ತೆ ಅಂತ ಹೇಳುತ್ತದೆ. ಒಂದೇ ಸಾಲು. ಅದನ್ನು ಓಡಿಸೋದು ಬಿಟ್ಟು ಪಟ್ಟಿ ನೋಡಿ ಕಣಿ ಹೇಳುತ್ತಾ ಕೂರುತ್ತಾರೆ.

ಮತ್ತೆ ಎಲ್ಲಾ ಕಡೆ ಇದೇ ಲೆಕ್ಕ ಅಂದುಕೊಳ್ಳಬೇಡಿ. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ವಿಎಂವೇರ್‌ನಲ್ಲಿ ಮೂಲ ಡಿಸ್ಕ್ ಹಾಗೇ ನಿಂತು, ಹೊಸ ಬರಹವೆಲ್ಲ ಡೆಲ್ಟಾ ಫೈಲಿಗೆ ಹೋಗುತ್ತದೆ. ಅದು ಮೂಲ ಡಿಸ್ಕಿನಷ್ಟೇ ಬೆಳೆಯಬಹುದು. 72 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ಅವರೇ ಹೇಳುತ್ತಾರೆ, ನಮ್ಮವರು ವರ್ಷಗಟ್ಟಲೆ ಇಡುತ್ತಾರೆ. ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಪಾಲು ಮಾಡುವ ಎಲ್‌ವಿಎಂನ ಹಳೇ ಪದ್ಧತಿಯಲ್ಲಿ ಸ್ನ್ಯಾಪ್‌ಶಾಟಿಗೆ ಮೀಸಲಿಟ್ಟ ಜಾಗ ತುಂಬಿದರೆ ಸ್ನ್ಯಾಪ್‌ಶಾಟೇ ಕೆಟ್ಟುಹೋಗುತ್ತದೆ.

ಇವತ್ತಿನ ಸರ್ವರಿನಲ್ಲಿ ನಿಜವಾಗಿ ಜಾಗ ತಿಂದಿದ್ದು ಆ ಅಳಿಸಿದ ಫೈಲೊಂದೇ ಅಲ್ಲ. ಪ್ರತಿ ರಾತ್ರಿ ಡೇಟಾಬೇಸ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಒಂದೇ ಹೆಸರಿನಲ್ಲಿ ಹೊಸದಾಗಿ ಬರೆಯುತ್ತಿದೆ. ನೋಡೋಕೆ ಒಂದೇ ಫೈಲು, ಆದರೆ ಪ್ರತಿ ಸ್ನ್ಯಾಪ್‌ಶಾಟೂ ಆ ದಿನದ ಡಂಪನ್ನು ಹಿಡಿದುಕೊಂಡಿರುತ್ತದೆ. ಡಂಪ್ 40 ಜಿಬಿ ಇದ್ದು, ದಿನಕ್ಕೊಂದರಂತೆ 30 ಸ್ನ್ಯಾಪ್‌ಶಾಟ್ ಇಟ್ಟರೆ 1200 ಜಿಬಿ. ಎಷ್ಟು ಡೇಟಾ ಇದೆ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಬದಲಾಗುತ್ತೆ ಅನ್ನೋದೇ ಇಲ್ಲಿ ಮುಖ್ಯ. ಡಂಪಿಗೆ ಬೇರೆ ಡೇಟಾಸೆಟ್ (ಝಡ್‌ಎಫ್‌ಎಸ್‌ನೊಳಗೆ ಪ್ರತ್ಯೇಕ ವಿಭಾಗ) ಮಾಡಿ, ಅದಕ್ಕೆ ಸ್ನ್ಯಾಪ್‌ಶಾಟ್ ಬೇಡ ಅಂತ ಹೇಳಿದೆ. "ಅದಕ್ಕೆ ಚೇಂಜ್ ರಿಕ್ವೆಸ್ಟ್ ಹಾಕಬೇಕಲ್ಲ ಸಾರ್" ಅಂದರು. ಹಾಕಿ. ಅದು ಒಂದು ಕೆಬಿ ಕೂಡ ತಿನ್ನಲ್ಲ.