ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆ ಮತ್ತು ನೆಂಟರ ಪ್ರಶ್ನೆ

ಅಕ್ಕನ ಮಗಳು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸಿಗೆ ಹೋಗಿ ಬಂದ ಮೇಲೆ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅದರಿಂದ ಸಿಇಟಿಗೆ ಏನಾದ್ರೂ ಉಪಯೋಗ ಇದ್ಯಾ?" ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬಿಡಲಿಲ್ಲ.

ಇಲ್ಲ. ಅರ್ಧ ಅಂಕದ ಉಪಯೋಗವೂ ಇಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಅಂದರೆ ಅರ್ಧ ಪಿಯುಸಿ ಅಂಕ, ಇನ್ನರ್ಧ ಸಿಇಟಿ ಅಂಕ. ಮೆಡಿಕಲ್‌ಗೆ ನೀಟ್. ರಜೆಯಲ್ಲಿ ಯಾವ ಕ್ಯಾಂಪಸ್ಸಿನಲ್ಲಿ ಇದ್ದು ಬಂದೆ ಅಂತ ಯಾರೂ ಕೇಳುವುದಿಲ್ಲ. ಆದರೂ ಮಕ್ಕಳನ್ನು ಕಳಿಸಿ ಅಂತಲೇ ನಾನು ಹೇಳುತ್ತೇನೆ. ಅದೂ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕಾಯಬೇಡಿ, ಒಂಬತ್ತು ಮುಗಿದ ರಜೆಯಲ್ಲೇ ಕಳಿಸಿ.

ಯಾಕೆ ಅಂದರೆ, ನಮ್ಮ ಮಕ್ಕಳು ಬದುಕಿನ ದೊಡ್ಡ ತೀರ್ಮಾನವನ್ನು ಹದಿನೈದು, ಹದಿನಾರನೇ ವಯಸ್ಸಿಗೇ ಮಾಡಿ ಮುಗಿಸುತ್ತಾರೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುತ್ತಿದ್ದ ಹಾಗೇ ಪಿಸಿಎಂಬಿಯೋ, ಪಿಸಿಎಂಸಿಯೋ, ಕಾಮರ್ಸೋ ಹೇಳಬೇಕು. ಹಾಸನದಲ್ಲಂತೂ ಎಷ್ಟೋ ಮನೆಗಳಲ್ಲಿ ರಿಸಲ್ಟಿಗಿಂತ ಮೊದಲೇ ಮಂಗಳೂರಿಗೋ ಮೂಡುಬಿದಿರೆಗೋ ಹೋಗಿ ಸೀಟು ಹಿಡಿದು ಬಂದಿರುತ್ತಾರೆ. ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಮಗು ಡಾಕ್ಟರ್ ಆಗುತ್ತೆ ಅಂತ ಮನೆಯವರೆಲ್ಲ ನಿರ್ಧರಿಸಿ ಆಗಿರುತ್ತದೆ. ಆ ಮಗು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದ್ದು ಎಷ್ಟು ಸಲ? ನಮ್ಮ ಬಹಳಷ್ಟು ಶಾಲೆಗಳಲ್ಲಿ ಅದು ಬೀರುವಿನಿಂದ ಹೊರಗೆ ಬರುವುದು ಇನ್‌ಸ್ಪೆಕ್ಷನ್ ದಿನ ಮಾತ್ರ.

ಶಾಲೆ ಮಕ್ಕಳನ್ನು ರಜೆಯಲ್ಲಿ ಕ್ಯಾಂಪಸ್ಸಿಗೆ ಕರೆಸಿ ಕಲಿಸುವ ಈ 'ಪ್ರೀ ಕಾಲೇಜ್' ಕೋರ್ಸುಗಳು ಅಮೆರಿಕದಲ್ಲಿ ಭಾರೀ ಜೋರು. ಆದರೆ ಅಲ್ಲಿ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಕಾಲೇಜು ಸೇರಿದ ಎರಡನೇ ವರ್ಷದವರೆಗೂ ಮುಖ್ಯ ವಿಷಯ ಆರಿಸಿಕೊಳ್ಳಲು ಸಮಯ ಇರುತ್ತದೆ. ಇತಿಹಾಸ ಓದಲು ಬಂದವನು ಕಂಪ್ಯೂಟರ್ ಕಡೆ ತಿರುಗಬಹುದು. ಅಷ್ಟು ನಿಧಾನವಾಗಿ ಆರಿಸಿಕೊಳ್ಳುವವರಿಗೇ ಮೊದಲೇ ರುಚಿ ನೋಡುವ ಅವಕಾಶ ಬೇಕು ಅಂದರೆ, ಹದಿನಾರಕ್ಕೇ ಬಾಗಿಲು ಹಾಕಿಕೊಳ್ಳುವ ನಮಗೆ ಅದು ಇನ್ನೂ ಜಾಸ್ತಿ ಬೇಕಲ್ವಾ?

ಅಕ್ಕನ ಮಗಳು ಆರಿಸಿಕೊಂಡಿದ್ದು ಬಯಾಲಜಿ. ಶುಂಠಿಗೆ ಒಳ್ಳೆ ರೇಟು ಸಿಕ್ಕ ವರ್ಷ, ಹಾಗಾಗಿ ಭಾವ ಫೀಸಿನ ಬಗ್ಗೆ ಗೊಣಗಲಿಲ್ಲ. ಲಾಂಗ್ ನೋಟ್‌ಬುಕ್ಕು, ಮೂರು ಬಣ್ಣದ ಪೆನ್ನು ಎಲ್ಲ ಹೊತ್ತುಕೊಂಡು ಹೋದಳು. ಅಲ್ಲಿ ಯಾರೂ ನೋಟ್ಸ್ ಬರೆಸಲಿಲ್ಲ. "ಚಿಕ್ಕಮ್ಮ, ಇಲ್ಲಿ ಪಾಠನೇ ಮಾಡ್ತಿಲ್ಲ" ಅಂತ ರಾತ್ರಿ ಫೋನು. ಜೊತೆಯಲ್ಲಿದ್ದ ಬೆಂಗಳೂರಿನ ಮಕ್ಕಳ ಇಂಗ್ಲಿಷ್ ಕೇಳಿ ಮೊದಮೊದಲು ಬಾಯಿ ಬಿಡುವುದಕ್ಕೇ ಹೆದರಿದ್ದಳು. ಆಮೇಲೆ ಒಂದು ಮಧ್ಯಾಹ್ನ ಎಲ್ಲರನ್ನೂ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಸಣ್ಣ ಚೌಕಗಳಿರುವ ಗಾಜಿನ ಸ್ಲೈಡಿನಲ್ಲಿ ಯೀಸ್ಟ್ ಕೋಶಗಳನ್ನು ಎಣಿಸಲು ಹೇಳಿದರಂತೆ. ಎಣಿಸಿ ಎಣಿಸಿ ಅವಳಿಗೆ ಸಾಕಾಗಿ ಹೋಯಿತು. ಆದರೆ ಒಂದೇ ದ್ರಾವಣ, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ! ಗೆರೆಯ ಮೇಲೆ ಕೂತ ಕೋಶವನ್ನು ಒಳಗೆ ಎಣಿಸಬೇಕೋ ಹೊರಗೋ? ಎಷ್ಟು ಚೌಕ ಎಣಿಸಿದರೆ ನಂಬಬಹುದು? ಆ ಜಗಳದಲ್ಲಿ ಇವಳ ಭಯವೂ ಹೋಯಿತು, ಇಂಗ್ಲಿಷ್ ಕನ್ನಡ ಕಲಸಿ ಮಾತಾಡಿದಳು. ಊರಿಗೆ ಬಂದವಳು ಯೀಸ್ಟ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಲೆಕ್ಕ ಯಾಕೆ ಹೊಂದಲಿಲ್ಲ ಅನ್ನುವುದನ್ನೇ ಹೇಳಿದ್ದು. ಕೊನೆಗೆ, "ನಂಗೆ ಬಯಾಲಜಿ ಬೇಡ."

ಅಕ್ಕನಿಗೆ ಆಕಾಶವೇ ತಲೆ ಮೇಲೆ ಬಿತ್ತು. "ನೋಡೇ, ದುಡ್ಡು ಕೊಟ್ಟು ಡಾಕ್ಟರ್ ಆಗಲ್ಲ ಅನ್ನಿಸ್ಕೊಂಡು ಬಂದ ಹಾಗಾಯ್ತು" ಅಂದಳು. ನನಗೆ ಮಾತ್ರ ಅಷ್ಟು ಚೆನ್ನಾಗಿ ಖರ್ಚಾದ ದುಡ್ಡು ನಮ್ಮ ಮನೆಯಲ್ಲಿ ಬೇರೆ ಇಲ್ಲ ಅನ್ನಿಸಿತು. ಇದೇ ಮಾತು ಎರಡು ವರ್ಷದ ನೀಟ್ ಕೋಚಿಂಗ್ ಆದ ಮೇಲೆ ಅವಳ ಬಾಯಿಂದ ಬಂದಿದ್ದರೆ? ಈಗ ಪಿಸಿಎಂಸಿ ಓದುತ್ತಿದ್ದಾಳೆ. ಮುಂದೆ ಏನು ಅಂತ ಅವಳಿಗೂ ಗೊತ್ತಿಲ್ಲ, ಪರವಾಗಿಲ್ಲ.

ಇಷ್ಟು ಓದಿ ವಿದೇಶದ ಕೋರ್ಸಿಗೆ ಸಾಲ ಮಾಡಬೇಡಿ ಮತ್ತೆ. ಹಾರ್ವರ್ಡ್‌ನ ಎರಡು ವಾರದ ಪ್ರೀ ಕಾಲೇಜ್ ಕೋರ್ಸಿಗೆ 5,000 ಡಾಲರ್‌ಗಿಂತ ಜಾಸ್ತಿ, ಅಂದರೆ ನಾಲ್ಕು ಲಕ್ಷ ದಾಟುತ್ತದೆ. ವಿಮಾನ, ವೀಸಾ ಬೇರೆ. ಅಲ್ಲಿಗೆ ಹೋಗಿ ಬಂದರೆ ಮುಂದೆ ಅಲ್ಲೇ ಸೀಟು ಅನ್ನುವುದು ಏಜೆಂಟರು ಹೇಳುವ ಕಥೆ. ನಿಜಕ್ಕೂ ಆಯ್ದು ತೆಗೆದುಕೊಳ್ಳುವ ಕಾರ್ಯಕ್ರಮಗಳ ದಾರಿಯೇ ಬೇರೆ. ಅಮೆರಿಕದ ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ ಅನ್ನುವ ಬೇಸಿಗೆ ಸಂಶೋಧನಾ ಶಿಬಿರಕ್ಕೆ ಆಯ್ಕೆಯಾದರೆ ಪಾಠ, ಊಟ, ವಸತಿ ಎಲ್ಲ ಉಚಿತ. ಇನ್ನೊಂದು ತೊಡಕು ಯಾರೂ ಹೇಳುವುದಿಲ್ಲ. ಅವರ ಬೇಸಿಗೆ ಅಂದರೆ ಜೂನ್, ಜುಲೈ. ನಮ್ಮಲ್ಲಿ ಆಗ ಶಾಲೆ, ಪಿಯುಸಿ ಎರಡೂ ಶುರುವಾಗಿ ಹಾಜರಾತಿ ಲೆಕ್ಕ ನಡೆಯುತ್ತಿರುತ್ತದೆ.

ಗಣಿತದ ಹುಚ್ಚಿರುವ ಮಕ್ಕಳಿಗೆ ಒಂದು ಪುಕ್ಕಟೆ ದಾರಿ ಇದೆ. ಅಮೆರಿಕದ ರಾಸ್ ಗಣಿತ ಶಿಬಿರ 1957ರಿಂದ ನಡೆಯುತ್ತಿದೆ. ಸೇರಬೇಕು ಅಂದರೆ ಅವರು ಕೊಡುವ ಒಂದಷ್ಟು ಲೆಕ್ಕಗಳನ್ನು ಮನೆಯಲ್ಲೇ ಕೂತು, ವಾರಗಟ್ಟಲೆ ಯೋಚಿಸಿ, ಉತ್ತರ ಹೇಗೆ ಬಂತು ಅಂತ ಬರೆದು ಕಳಿಸಬೇಕು. ನಮ್ಮ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ! ಪುಕ್ಕಟೆ ಅಂದಿದ್ದು ಶಿಬಿರವನ್ನಲ್ಲ, ರಾಸ್‌ನವರ ಆ ಲೆಕ್ಕಗಳನ್ನು, ಅವು ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ಶಿಬಿರಕ್ಕೆ ಹೋಗದಿದ್ದರೂ ಸುಮ್ನೆ ಒಂದನ್ನು ಪ್ರಿಂಟ್ ತೆಗೆದು ಮಗುವಿನ ಮುಂದೆ ಇಡಬಹುದು.

ನನಗೆ ಸಿಟ್ಟು ಬರುವುದು ನಮ್ಮೂರು ಹಾಸನದ ವಿಷಯಕ್ಕೆ. ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಅದೇ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಕಾರೆಕೆರೆಯಲ್ಲಿ ಕೃಷಿ ಕಾಲೇಜು, ಊರೊಳಗೆ ಮೆಡಿಕಲ್ ಕಾಲೇಜು. ಪಕ್ಕದ ಜಿಲ್ಲೆಗೆ ಹೋದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಅದು 1925ರದ್ದು. ಇಷ್ಟೆಲ್ಲ ಇರುವ ಊರಿನ ಹುಡುಗಿ ಯೀಸ್ಟ್ ಎಣಿಸಲು ಬೆಂಗಳೂರಿಗೆ ಹೋಗಬೇಕಾ? ಉಪಗ್ರಹ ಕೇಂದ್ರದೊಳಗೆ ಯಾರನ್ನೂ ಸುಮ್ನೆ ಬಿಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಾಲೇಜುಗಳು ಮೇ ತಿಂಗಳಲ್ಲಿ ಒಂದು ವಾರ, ಒಂದೆರಡು ಲ್ಯಾಬ್ ಬಿಟ್ಟುಕೊಟ್ಟರೆ ಗಂಟೇನು ಹೋಗುತ್ತೆ? ಮಕ್ಕಳು ಬೆಳಗ್ಗೆ ಬಂದು ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಾರೆ. ಹಾಸ್ಟೆಲ್ ಖರ್ಚೂ ಇಲ್ಲ.

ಅದು ಆಗುವವರೆಗೆ, ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರೆ ಇಸ್ರೋ ನಡೆಸುವ 'ಯುವಿಕಾ' ಶಿಬಿರ ನೋಡಿ. 2019ರಲ್ಲಿ ಶುರುವಾಗಿದ್ದು. ಮೇ ತಿಂಗಳಲ್ಲಿ ಎರಡು ವಾರ, ಬೆಂಗಳೂರು, ತಿರುವನಂತಪುರ, ಶ್ರೀಹರಿಕೋಟದಂಥ ಕಡೆಗಳಲ್ಲಿ. ಪ್ರಯಾಣ, ಊಟ, ವಸತಿ ಎಲ್ಲ ಇಸ್ರೋದ್ದೇ. ಎಂಟನೇ ಕ್ಲಾಸಿನ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಸ್ಕೌಟ್ಸ್, ಎನ್‌ಸಿಸಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಪಂಚಾಯ್ತಿ ವ್ಯಾಪ್ತಿಯ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ ಇದೆ, ಆಲೂರು, ಅರಕಲಗೂಡು ಕಡೆಯವರು ಇದನ್ನು ಗಮನಿಸಿ. ಸಾಮಾನ್ಯವಾಗಿ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಅರ್ಜಿ ಕರೆಯುತ್ತಾರೆ. ಹತ್ತನೇ ಕ್ಲಾಸಿಗೆ ಹೋದ ಮೇಲೆ ಹಾಕಲು ಬರುವುದಿಲ್ಲ. ಹಳೆಯ ಸರ್ಟಿಫಿಕೇಟುಗಳನ್ನು ಈಗಲೇ ಹುಡುಕಿಟ್ಟುಕೊಳ್ಳಿ, ಶಾಲೆಯ ಹೆಡ್ ಮಾಸ್ಟರ್ ಹತ್ತಿರ ಮೊದಲೇ ಮಾತಾಡಿರಿ.