200 ಬಂದರೆ ಟೆಸ್ಟ್ ಪಾಸ್ ಅಂತಲ್ಲ: ಒಂದು ಸ್ಪಷ್ಟನೆ

'ವೆಬ್ ಸರ್ವಿಸ್‌ನಿಂದ 200 ಬಂದರೆ ಸಾಕು, ಟೆಸ್ಟ್ ಪಾಸ್' ಅನ್ನೋ ಮೆಸೇಜ್ ದಾವಣಗೆರೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. (ವೆಬ್ ಸರ್ವಿಸ್ ಅಂದರೆ ನೆಟ್ ಮೂಲಕ ಬೇರೆ ಸಾಫ್ಟ್‌ವೇರ್‌ಗಳ ಕೋರಿಕೆಗೆ ಉತ್ತರ ಕೊಡುವ ಸಾಫ್ಟ್‌ವೇರ್; 200 ಅದು ಉತ್ತರದ ಜೊತೆ ಕಳಿಸುವ ಒಂದು ಸ್ಥಿತಿ ಕೋಡ್.)

200 ಅಂದರೆ ಎಚ್‌ಟಿಟಿಪಿ (ವೆಬ್‌ನಲ್ಲಿ ಕೋರಿಕೆ, ಉತ್ತರ ಸಾಗಿಸುವ ನಿಯಮಗಳು) ಮಟ್ಟದಲ್ಲಿ ಕೋರಿಕೆ ಸರಿಯಾಗಿ ಮುಗಿಯಿತು ಅಂತ ಅಷ್ಟೇ. ಒಳಗಿನ ಲೆಕ್ಕಕ್ಕೆ ಅದು ಗ್ಯಾರಂಟಿ ಅಲ್ಲ. ಇಲ್ಲಿನ ಮಂಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಾನೇ ಇದನ್ನು ಕಂಡೆ. ಮೆಕ್ಕೆಜೋಳದ ತೂಕವನ್ನು ನಾವು ಕೆಜಿಯಲ್ಲಿ ಕಳಿಸುತ್ತಿದ್ದೆವು. ಆ ಕಡೆಯ ಸರ್ವಿಸ್ ಅದನ್ನು ಕ್ವಿಂಟಲ್ ಅಂತ ಓದುತ್ತಿತ್ತು. 50 ಕೆಜಿಯ ಒಂದು ಚೀಲ ಬಿಲ್ಲಿನಲ್ಲಿ 50 ಕ್ವಿಂಟಲ್ ಆಗಿತ್ತು! ಉತ್ತರ 200, ಟೆಸ್ಟ್ ಎಲ್ಲಾ ಹಸಿರು, ಅಂದರೆ ಪಾಸ್. ರೈತರ ದುಡ್ಡಿನ ವಿಷಯ, ಸುಮ್ನೆ ಬಿಡೋಕಾಗುತ್ತಾ?

ಅದಕ್ಕೇ ಉತ್ತರದ ಒಳಗಿರುವುದನ್ನೂ ಟೆಸ್ಟ್ ನೋಡಬೇಕು. ತೂಕ, ದರ, ಮೊತ್ತ ಮೂರನ್ನೂ ನಿಮಗೆ ಮೊದಲೇ ಗೊತ್ತಿರುವ ಲೆಕ್ಕದ ಜೊತೆ ತಾಳೆ ಹಾಕಿ. ಗ್ರಾಫ್‌ಕ್ಯೂಎಲ್‌ನಲ್ಲಂತೂ (ಸರ್ವಿಸ್‌ನಿಂದ ಬೇಕಾದ ಮಾಹಿತಿಯನ್ನಷ್ಟೇ ಕೇಳುವ ಒಂದು ಕ್ವೆರಿ ಭಾಷೆ) 200 ಬಂದರೂ ಒಳಗೆ ಎರರ್‌ಗಳ ಪಟ್ಟಿ ಇರಬಹುದು. 200ರ ಬದಲು 202 ಕೋಡ್ ಬಂದರೆ ಕೆಲಸ ಒಪ್ಪಿಕೊಂಡಿದೆ, ಇನ್ನೂ ಮುಗಿದಿಲ್ಲ ಅಂತ ಅರ್ಥ. ಸ್ವಲ್ಪ ಬಿಟ್ಟು ಮತ್ತೆ ಕೇಳಬೇಕು.

ಇನ್ನೊಂದು ಟೆಸ್ಟ್ ಜನ ಜಾಸ್ತಿ ಮರೆಯುತ್ತಾರೆ. ಬೇಕಂತಲೇ ಮೈನಸ್ 5 ಕೆಜಿ ಕಳಿಸಿ ನೋಡಿ. ಆಗಲೂ 200 ಬಂದು, ಒಳಗೂ ಎರರ್ ಇಲ್ಲದಿದ್ದರೆ ಆ ಸರ್ವಿಸ್ ತೂಕವನ್ನು ಸರಿಯಾಗಿ ಪರಿಶೀಲಿಸುತ್ತಿಲ್ಲ ಅಂತ ತಿಳಿಯಿರಿ.