ಸಿಸಿಲಿ ಸಾಂಡರ್ಸ್ ದಯಾಮರಣದ ಪರ ಇರಲಿಲ್ಲ

‘ಹಾಸ್ಪಿಸ್ ಅಂದರೆ ಮಾರ್ಫಿನ್ ಕೊಟ್ಟು ಬೇಗ ಕಳಿಸಿಬಿಡುವ ಜಾಗ, ಅದನ್ನು ಶುರು ಮಾಡಿದ ಸಿಸಿಲಿ ಸಾಂಡರ್ಸ್ ಡಾಕ್ಟರೇ ಅಲ್ಲ, ಬರೀ ನರ್ಸು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಹಾಸ್ಪಿಸ್ ಅಂದರೆ ಗುಣವಾಗದ ಕಾಯಿಲೆಯಿಂದ ಕೊನೆಯ ದಿನಗಳಲ್ಲಿರುವವರ ನೋವು ತಗ್ಗಿಸಿ ಆರೈಕೆ ಮಾಡುವ ಜಾಗ.

ಸಾಂಡರ್ಸ್ ಮೊದಲು ನರ್ಸ್ ಆಗಿದ್ದು ನಿಜ (ಅದರಲ್ಲಿ ‘ಬರೀ’ ಏನು ಬಂತೋ!). ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಸಾಯುವವರಿಗೆ ನೆರವಾಗಬೇಕೆಂದರೆ ವೈದ್ಯಕೀಯವನ್ನೇ ಓದಿ ಎಂದು ಸರ್ಜನ್ ಒಬ್ಬರು ಹೇಳಿದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ ಕಾಲೇಜು ಸೇರಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು.

ಇನ್ನು ಮಾರ್ಫಿನ್ ಎಂಬ ಬಲವಾದ ನೋವುನಿವಾರಕದ ವಿಷಯ. ನೋವು ತಡೆಯಲಾರದಷ್ಟು ಏರಿದ ಮೇಲೆ ಚುಚ್ಚುಮದ್ದು ಕೊಡುವುದು ಆಗಿನ ವಾಡಿಕೆ. ಸಾಂಡರ್ಸ್ ಅದನ್ನು ತಿರುಗಿಸಿದರು: ಗಡಿಯಾರ ನೋಡಿಕೊಂಡು, ನೋವು ಮರಳುವ ಮೊದಲೇ, ಬಾಯಿಯ ಮೂಲಕ, ರೋಗಿಗೆ ಬೇಕಾದಷ್ಟೇ ಅಳತೆಯಲ್ಲಿ. ರೋಗಿಗಳು ಮಂಪರಿಗೆ ಜಾರದೆ ಮನೆಯವರೊಂದಿಗೆ ಮಾತಾಡುವಂತಾಗಬೇಕು ಎಂಬುದು ಉದ್ದೇಶ. ದಯಾಮರಣವನ್ನಂತೂ ಅವರು ಬಹಿರಂಗವಾಗಿಯೇ ವಿರೋಧಿಸಿದ್ದರು. 2005ರಲ್ಲಿ ಕ್ಯಾನ್ಸರ್‌ನಿಂದ ಅವರು ತೀರಿಕೊಂಡದ್ದೂ ತಾವೇ ಕಟ್ಟಿದ ಆ ಹಾಸ್ಪಿಸ್‌ನಲ್ಲೇ.